ಮನೆಯಲ್ಲಿ ಹಾಡು ಕೇಳಲು ಯಾವ ನೆಟ್‌ವರ್ಕ್ ಕೇಬಲ್ ತರಬೇಕು?

ರಾಯಚೂರಿನ ಹಳೆ ಮನೆಗಳ ದಪ್ಪ ಕಲ್ಲಿನ ಗೋಡೆ ಬಿಸಿಲನ್ನೂ ತಡೆಯುತ್ತದೆ, ವೈಫೈಯನ್ನೂ ತಡೆಯುತ್ತದೆ. ರೂಟರ್ ಪಡಸಾಲೆಯಲ್ಲಿ, ಸ್ಟ್ರೀಮರ್ (ಇಂಟರ್ನೆಟ್‌ನಿಂದ ಹಾಡು ತರಿಸಿ ನುಡಿಸುವ ಪೆಟ್ಟಿಗೆ) ಒಳಕೋಣೆಯಲ್ಲಿ ಇದ್ದರೆ ಹಿಂದೂಸ್ತಾನಿ ಗಾಯಕ ಸಿದ್ದರಾಮ ಜಂಬಲದಿನ್ನಿಯವರ ಆಲಾಪ ನಡುವೆಯೇ ನಿಂತು ಬಫರಿಂಗ್ ಚಕ್ರ ತಿರುಗುತ್ತದೆ. ಒಂದು ಈಥರ್ನೆಟ್ ಕೇಬಲ್ ಎಳೆದರೆ ಈ ಕಾಟ ತಪ್ಪುತ್ತದೆ. ಆದರೆ ಆನ್‌ಲೈನ್‌ನಲ್ಲಿ ಹುಡುಕಿದರೆ 'ಆಡಿಯೋ ಗ್ರೇಡ್' ಅಂತ ಸಾವಿರಾರು ರೂಪಾಯಿಯ ಕೇಬಲ್‌ಗಳು ಎದುರಾಗುತ್ತವೆ. ಅವು ಬೇಡವೇ ಬೇಡ.

ಯಾಕೆ ಅಂತ ಲೆಕ್ಕ ಹಾಕಿ. ಸಿಡಿ ಗುಣಮಟ್ಟದ ಹಾಡಿಗೆ ಸೆಕೆಂಡಿಗೆ 1.4 ಮೆಗಾಬಿಟ್ ಸಾಕು. ಅದಕ್ಕಿಂತ ಮೇಲಿನ ಗುಣಮಟ್ಟದ, 24 ಬಿಟ್, 192 ಕಿಲೋಹರ್ಟ್ಸ್‌ನ ಸ್ಟೀರಿಯೊ ಹಾಡಿಗೂ ಬೇಕಾಗುವುದು ಸುಮಾರು 9.2 ಮೆಗಾಬಿಟ್. ಸಾಧಾರಣ ಕ್ಯಾಟ್ 5ಇ ದರ್ಜೆಯ ಈಥರ್ನೆಟ್ ಕೇಬಲ್ 100 ಮೀಟರ್ ದೂರಕ್ಕೆ 1000 ಮೆಗಾಬಿಟ್ ಒಯ್ಯುತ್ತದೆ. ಅದೂ ಅಲ್ಲದೆ ಹಾಡು ಹೋಗುವುದು ಪ್ಯಾಕೆಟ್‌ಗಳಾಗಿ, ಅಂದರೆ ಡೇಟಾದ ಸಣ್ಣ ಸಣ್ಣ ತುಂಡುಗಳಾಗಿ. ದಾರಿಯಲ್ಲಿ ಕೆಟ್ಟ ಪ್ಯಾಕೆಟ್ಟನ್ನು ಬಿಸಾಕಿ, ಅದನ್ನೇ ಮತ್ತೆ ತರಿಸಿಕೊಳ್ಳುವ ಏರ್ಪಾಡು ಇರುತ್ತದೆ. ಕೇಬಲ್ ಕೆಟ್ಟಿದ್ದರೆ ಹಾಡು ತಡೆತಡೆದು ಬರುತ್ತದೆ, ಇಲ್ಲವೇ ನಿಲ್ಲುತ್ತದೆ. 'ಈ ಕೇಬಲ್ ಹಾಕಿದ ಮೇಲೆ ತಬಲಾ ಗಟ್ಟಿಯಾಯಿತು' ಅನ್ನೋದು ಸುಮ್ನೆ ಮಾತು.

ಮೊದಲು ಅಳತೆ. ರೂಟರ್‌ನಿಂದ ಸ್ಟ್ರೀಮರ್‌ವರೆಗೆ ಗೋಡೆ, ಬಾಗಿಲ ಚೌಕಟ್ಟಿನ ಗುಂಟ ದಾರ ಹಿಡಿದು ಅಳೆಯಿರಿ. ಒಂದೆರಡು ಮೀಟರ್ ಜಾಸ್ತಿ ಇರಲಿ.

ಆಮೇಲೆ ಜಾತಿ. ಹೊಸದಾಗಿ ಎಳೆಯುವುದಾದರೆ ಕ್ಯಾಟ್ 6 ತನ್ನಿ. ಈಗಾಗಲೇ ಕ್ಯಾಟ್ 5ಇ ಇದ್ದರೆ ಕೀಳುವ ಕೆಲಸ ಬೇಡ. ಗೋಡೆಗೆ ಕೂರಿಸಿಬಿಡುವ ಕಡೆ ಒಂಟಿ ತಂತಿಯ ಕೇಬಲ್, ಆಗಾಗ ಎಳೆದಾಡುವ ಕಡೆ ಎಳೆಎಳೆ ತಂತಿಯ, ಎರಡೂ ತುದಿಗೆ ಪ್ಲಗ್ ಇರುವ ರೆಡಿಮೇಡ್ ಪ್ಯಾಚ್ ಕಾರ್ಡ್.

ಅಂಗಡಿಯಲ್ಲಿ ನೋಡಬೇಕಾದ್ದು ತಾಮ್ರ. ಮೋಸ ಆಗೋದು ಇಲ್ಲೇ. 'ಅಣ್ಣಾ, ಪ್ಯೂರ್ ಕಾಪರ್ ಅದ ಏನ್ರಿ?' ಅಂದರೆ 'ಎಲ್ಲಾ ಒಂದೇ ರೀ' ಅನ್ನುವ ಉತ್ತರ ಬರಬಹುದು. ಒಂದೇ ಅಲ್ಲ. ಅಗ್ಗದ ಕೇಬಲ್‌ಗಳಲ್ಲಿ ಅಲ್ಯೂಮಿನಿಯಂ ತಂತಿಗೆ ತಾಮ್ರದ ತೆಳು ಲೇಪ ಇರುತ್ತದೆ. ಹೊದಿಕೆಯ ಮೇಲೆ ಸಣ್ಣಕ್ಷರದಲ್ಲಿ ಸಿಸಿಎ ಅಂತ ಅಚ್ಚಾಗಿದ್ದರೆ ಅದೇ ಅದು. ಅಚ್ಚಿಲ್ಲದಿದ್ದರೆ ಒಂದು ತುಂಡು ಕೇಳಿ ತಂತಿ ಬಿಡಿಸಿ, ಬ್ಲೇಡಿನಿಂದ ಕೆರೆಯಿರಿ. ಒಳಗೂ ಕೆಂಪಗಿದ್ದರೆ ತಾಮ್ರ. ಬೆಳ್ಳಗೆ ಹೊಳೆದರೆ ವಾಪಸ್ ಕೊಡಿ. ಅಂಥ ತಂತಿ ನಾಲ್ಕು ಸಲ ಬಗ್ಗಿಸಿದರೆ ಮುರಿಯುತ್ತದೆ, ಪ್ಲಗ್ ಹತ್ತಿರ ಸಡಿಲವೂ ಆಗುತ್ತದೆ. ಅಯಸ್ಕಾಂತ ಹಿಡಿದು ನೋಡಿ ಪ್ರಯೋಜನವಿಲ್ಲ, ಅಲ್ಯೂಮಿನಿಯಂ ಅದಕ್ಕೆ ಅಂಟುವುದಿಲ್ಲ.

ಲೋಹದ ಪ್ಲಗ್ ಇರುವ, ತಂತಿಗಳ ಸುತ್ತ ಲೋಹದ ಹೊದಿಕೆಯ ಶೀಲ್ಡೆಡ್ ಕೇಬಲ್ ಗಟ್ಟಿಮುಟ್ಟಾಗಿ ಕಾಣುತ್ತದೆ ನಿಜ. ಆದರೆ ಅದು ಎರಡೂ ಸಾಧನಗಳ ಅರ್ತಿಂಗನ್ನು ಜೋಡಿಸಿಬಿಡಬಹುದು. ಆಗ ಸ್ಪೀಕರಿನಲ್ಲಿ ಗುಂಯ್ ಅನ್ನುವ ಸದ್ದು ಹತ್ತುವುದುಂಟು. ಮನೆಗೆ ಶೀಲ್ಡ್ ಇಲ್ಲದ ಯುಟಿಪಿಯೇ ಒಳ್ಳೆಯದು. ಪೋರ್ಟ್‌ನೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರ್‌ಗಳು ಎರಡು ಬದಿಯನ್ನೂ ಬೇರೆಬೇರೆ ಇಡುತ್ತವೆ.

ಎಳೆಯುವಾಗ ಕರೆಂಟ್ ವೈರಿನ ಪೈಪಿನಲ್ಲೇ ಇದನ್ನೂ ತೂರಿಸಬೇಡಿ. ಒಂದು ಗೇಣು ದೂರ ಇರಲಿ, ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ. ಮೂಲೆಯಲ್ಲಿ ಮಡಚದೆ ದುಂಡಗೆ ತಿರುಗಿಸಿ. ಮಾಳಿಗೆ ಮೇಲೆ ಹೋಗುವುದಾದರೆ ಹೊರಾಂಗಣದ ಕಪ್ಪು ಹೊದಿಕೆಯ ಕೇಬಲ್ಲೇ ಬೇಕು. 40 ಡಿಗ್ರಿ ದಾಟುವ ನಮ್ಮ ಬಿಸಿಲಿಗೆ ಒಳಾಂಗಣದ ಹೊದಿಕೆ ಬಿರಿಯುತ್ತದೆ. ಪೈಪಿನೊಳಗೆ ಹಾಕಿದರೆ ಇಲಿ ಕಾಟವೂ ಕಡಿಮೆ. ಪಕ್ಕದ ಕಟ್ಟಡಕ್ಕೆ ಮಾತ್ರ ತಾಮ್ರದ ಕೇಬಲ್ ಬೇಡ, ಸಿಡಿಲಿನ ಭಯ. ಅಲ್ಲಿಗೆ ಬೆಳಕಿನಲ್ಲಿ ಡೇಟಾ ಒಯ್ಯುವ ಫೈಬರ್ ಕೇಬಲ್ ಹಾಕಿಸಿ.

ಪ್ಲಗ್ ಕೂರಿಸುವಾಗ ಎರಡೂ ತುದಿಯಲ್ಲಿ ಬಣ್ಣದ ಕ್ರಮ ಒಂದೇ ಇರಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಜೋಡಿ ತಂತಿಗಳ ತಿರುವನ್ನು ಪ್ಲಗ್‌ಗೆ ಬೇಕಾದಷ್ಟೇ ಬಿಚ್ಚಿ.

ಕೊನೆಗೆ ಲ್ಯಾಪ್‌ಟಾಪ್ ಸಿಕ್ಕಿಸಿ ಲಿಂಕ್ ಸ್ಪೀಡ್ ನೋಡಿ. ರೂಟರ್, ಲ್ಯಾಪ್‌ಟಾಪ್ ಎರಡರಲ್ಲೂ ಗಿಗಾಬಿಟ್ (1000 ಮೆಗಾಬಿಟ್) ಪೋರ್ಟ್ ಇದ್ದೂ 100 ಅಂತ ತೋರಿಸಿದರೆ ಯಾವುದೋ ತಂತಿ ಕೂತಿಲ್ಲ. 1000ಕ್ಕೆ ನಾಲ್ಕೂ ಜೋಡಿ ಬೇಕು, 100ಕ್ಕೆ ಎರಡೇ ಸಾಕು. ಹಾಡು ಅಷ್ಟರಲ್ಲೂ ಬರುತ್ತದೆ, ಆದರೂ ಆ ಪ್ಲಗ್ ಕತ್ತರಿಸಿ ಹೊಸದು ಕ್ರಿಂಪ್ ಮಾಡಿಸಿ. ಲ್ಯಾಪ್‌ಟಾಪ್‌ನಲ್ಲಿ 1000 ಬಂದು, ಸ್ಟ್ರೀಮರ್‌ಗೆ ಹಾಕಿದಾಗ 100 ಬಂದರೆ ಗಾಬರಿ ಬೇಡ. ಎಷ್ಟೋ ಸ್ಟ್ರೀಮರ್‌ಗಳ ಪೋರ್ಟೇ ಅಷ್ಟರದ್ದು.