ಸೊರಾರಿಟಿ ಅಧ್ಯಕ್ಷೆಯ ಮನಸ್ಸಿಗೆ ಆಸರೆಯಾಗುವುದು ಹೇಗೆ?

ಅಮೆರಿಕದ ಕಾಲೇಜು ಸೊರಾರಿಟಿಗಳಲ್ಲಿ (ವಿದ್ಯಾರ್ಥಿನಿಯರ ಸಂಘಗಳಲ್ಲಿ) ಚಾಪ್ಟರ್‌ನ, ಅಂದರೆ ಒಂದು ಕಾಲೇಜಿನಲ್ಲಿರುವ ಶಾಖೆಯ, ಅಧ್ಯಕ್ಷೆಯಾಗುವವಳು ಸಾಮಾನ್ಯವಾಗಿ 20ರ ಆಸುಪಾಸಿನ ವಿದ್ಯಾರ್ಥಿನಿ. ನಡುರಾತ್ರಿ ಸದಸ್ಯೆಯೊಬ್ಬಳ ಅಳಲಿಗೆ ಕಿವಿಯಾದ ಅವಳೇ ಮರುದಿನ ಅದೇ ಗೆಳತಿಯ ಶಿಸ್ತಿನ ವಿಚಾರಣೆಯಲ್ಲೂ ಕೂರಬೇಕಾಗಬಹುದು. ನನ್ನ ಮಟ್ಟಿಗೆ, ಕೆಲಸದ ಹೊರೆಗಿಂತ ಈ ಇಬ್ಬಂದಿಯೇ ಹೆಚ್ಚು ಬಳಲಿಸುವಂಥದು. ಆದ್ದರಿಂದ ಸಲಹೆಗಾರ್ತಿಯಾಗಿರುವ ಹಳೆಯ ವಿದ್ಯಾರ್ಥಿನಿಯು ವಾರಕ್ಕೊಮ್ಮೆ, ಯಾವ ಕಾರ್ಯಸೂಚಿಯೂ ಇಲ್ಲದೆ, ಅವಳ ನಿದ್ದೆ, ಊಟ, ಓದುಗಳನ್ನಷ್ಟೇ ವಿಚಾರಿಸಲಿ. ರಾತ್ರಿಯ ಕರೆಗಳನ್ನು ಪದಾಧಿಕಾರಿಗಳು ಸರದಿಯಂತೆ ಹಂಚಿಕೊಳ್ಳಲಿ. ರಿಕ್ರೂಟ್‌ಮೆಂಟ್ (ಹೊಸ ಸದಸ್ಯೆಯರ ಆಯ್ಕೆ) ಮುಗಿದೊಡನೆ ಅವಳಿಗೆ ಕೆಲವು ದಿನ ಬಿಡುವಿರಲಿ. ಆಪ್ತಸಮಾಲೋಚನೆ ಅವಳ ಹೊಣೆಯಲ್ಲವೆಂದು ಮೊದಲೇ ಲಿಖಿತವಾಗಿ ತಿಳಿಸಿ, ಕ್ಯಾಂಪಸ್ಸಿನ ಕೌನ್ಸೆಲಿಂಗ್ ಕೇಂದ್ರದ ದಾರಿ ತೋರಿಸಬೇಕು. ಆತ್ಮಹತ್ಯೆಯ ಮಾತು ಬಂದಲ್ಲಿ ಗುಟ್ಟು ಕಾಯುವ ಆಣೆ ಸಲ್ಲದು: 2022ರ ಜುಲೈಯಿಂದ ಅಮೆರಿಕದಾದ್ಯಂತ ಲಭ್ಯವಿರುವ 988 ಸಹಾಯವಾಣಿ ಸಂಖ್ಯೆಗೆ ತಕ್ಷಣ ಕರೆ ಮಾಡಬೇಕು ಅಥವಾ ಸಂದೇಶ ಕಳುಹಿಸಬೇಕು, ಜೀವಕ್ಕೆ ಆ ಕ್ಷಣವೇ ಅಪಾಯವಿದ್ದರೆ ತುರ್ತು ಸೇವೆಯ 911ಕ್ಕೆ.