ಗೋಳದ ಮೇಲಿನ ಶ್ರೇಣಿ ಕನ್ವರ್ಜ್ ಆಗುತ್ತದೆಯೇ? ಧ್ರುವದಲ್ಲಿ ನಿಂತು ನೋಡಿ

ಗೋಳದ ಮೇಲಿನ ಫಂಕ್ಷನ್ನನ್ನು ಸರಳ ಅಲೆಗಳ ಮೊತ್ತವಾಗಿ ಬರೆಯುವ ಸ್ಫೆರಿಕಲ್ ಹಾರ್ಮಾನಿಕ್ ಶ್ರೇಣಿ ಕೈಗೆ ಬಂದ ಕೂಡಲೇ, ಅದು ಕನ್ವರ್ಜ್ ಆಗುತ್ತದೆಯೇ (ಪದಗಳನ್ನು ಕೂಡುತ್ತ ಹೋದರೆ ಒಂದು ಬೆಲೆಗೆ ನೆಲೆಸುತ್ತದೆಯೇ) ಎಂದು ತಿಳಿಯಲು ನನ್ನ ವಿದ್ಯಾರ್ಥಿಗಳು ಫಂಕ್ಷನ್ ಎಲ್ಲಿ ಜಿಗಿಯುತ್ತದೆ ಅಂತ ಹುಡುಕುತ್ತಾರೆ. ಫೂರಿಯೆ ಶ್ರೇಣಿ (ಸೈನ್, ಕೊಸೈನ್ ಅಲೆಗಳ ಮೊತ್ತ) ಕಲಿಸಿದ ಅಭ್ಯಾಸ ಅದು. ಗೋಳದ ಮೇಲೆ ಅಷ್ಟು ಸಾಲದು. ಎಂ.ಎಸ್ಸಿ. ಓದುವಾಗ ಧ್ರುವದ ಹತ್ತಿರ ಗ್ರಾಫ್ ಏರಿಳಿಯುವುದನ್ನು ಕಂಡು, ಪ್ರೋಗ್ರಾಮಿನಲ್ಲೇ ತಪ್ಪಿದೆ ಎಂದು ಮೂರು ದಿನ ಒಂದೊಂದೇ ಸಾಲು ತಡಕಾಡಿದ್ದೆ. ಪ್ರೋಗ್ರಾಂ ಸರಿಯಾಗಿಯೇ ಇತ್ತು.

ಒಂದು ಹಾಳೆ, ಒಂದು ಕ್ಯಾಲ್ಕುಲೇಟರ್ ತಗೊಳ್ಳಿ. ಉತ್ತರಾರ್ಧ ಗೋಳದಲ್ಲಿ 1, ದಕ್ಷಿಣಾರ್ಧದಲ್ಲಿ −1 ಇರುವ ಫಂಕ್ಷನ್ ಇರಲಿ. ರೇಖಾಂಶದ ಗೊಡವೆಯಿಲ್ಲ, ಅಕ್ಷಾಂಶದ ಸೈನ್ ಬೆಲೆಯನ್ನು ಹಾಕಿ ಲೆಕ್ಕ ಮಾಡುವ ಲೆಜೆಂಡ್ರ್ ಪಾಲಿನಾಮಿಯಲ್‌ಗಳೇ (ಪ್ರತಿ ಡಿಗ್ರಿಗೆ ಒಂದು ಬಹುಪದೋಕ್ತಿ) ಸಾಕು. ಅವುಗಳಲ್ಲೂ ಬೆಸ ಡಿಗ್ರಿಯವು ಮಾತ್ರ ಉಳಿಯುತ್ತವೆ. ಗುಣಾಂಕ ಬೇಕಿದ್ದರೆ ಒಂದು ಡಿಗ್ರಿ ಕೆಳಗಿನ ಪಾಲಿನಾಮಿಯಲ್ 0ಯಲ್ಲಿ ಪಡೆಯುವ ಬೆಲೆಯಿಂದ ಒಂದು ಡಿಗ್ರಿ ಮೇಲಿನದರ ಬೆಲೆ ಕಳೆಯಿರಿ: 3/2, −7/8, 11/16, −75/128.

ಈಗ ಮೂರು ಕಡೆ ಕೂಡಿ ನೋಡಿ. ಸಮಭಾಜಕ ವೃತ್ತದ ಮೇಲೆ ಎಲ್ಲ ಪದಗಳೂ ಸೊನ್ನೆ. ಮೊತ್ತ 0, ಅಂದರೆ ಎರಡೂ ಬದಿಯ ಸರಾಸರಿ. 30 ಡಿಗ್ರಿ ಅಕ್ಷಾಂಶದಲ್ಲಿ 0.75, 1.13, 1.19, 1.06, ಬೇಗ ಹದಕ್ಕೆ ಬರುತ್ತದೆ. ಉತ್ತರ ಧ್ರುವದಲ್ಲಿ? 1.5, 0.625, 1.3125, 0.727, 1.246. 99ನೇ ಡಿಗ್ರಿಗೆ ಹೋದರೂ 0.920 ಅಷ್ಟೇ. ಜಿಗಿತದಿಂದ ಅತಿ ದೂರ ಇರುವ ಜಾಗದಲ್ಲೇ ಇಷ್ಟು ಒದ್ದಾಟ! ಸಮಭಾಜಕದ ಎಲ್ಲ ಬಿಂದುಗಳೂ ಧ್ರುವದಿಂದ ಸಮದೂರ, ಹಾಗಾಗಿ ಅಲ್ಲಿಂದ ಹೊರಟ ಅಲೆಗಳೆಲ್ಲ ಒಟ್ಟಾಗಿ ಧ್ರುವಕ್ಕೆ ಬಂದು ಸೇರುತ್ತವೆ. ಲೆಕ್ಕದ ಭಾಷೆಯಲ್ಲಿ, ಬೇರೆಡೆ ಲೆಜೆಂಡ್ರ್ ಬೆಲೆಗಳೂ ಕುಗ್ಗಿ ಗುಣಾಂಕಕ್ಕೆ ನೆರವಾಗುತ್ತವೆ. ಧ್ರುವದಲ್ಲಿ ಅವು 1ರಲ್ಲೇ ನಿಲ್ಲುತ್ತವೆ. ಅದಕ್ಕೇ ಗುಣಾಂಕವನ್ನಷ್ಟೇ ನೋಡಿ ತೀರ್ಪು ಕೊಡಬೇಡಿ.

ರಿಪೇರಿ ಸುಲಭ. ಧ್ರುವದಲ್ಲಿ 0ಯಿಂದ 9ನೇ ಡಿಗ್ರಿವರೆಗಿನ ಹತ್ತೂ ಭಾಗಶಃ ಮೊತ್ತಗಳನ್ನು (ಅಂದರೆ ಆಯಾ ಡಿಗ್ರಿವರೆಗಿನ ಪದಗಳ ಮೊತ್ತಗಳನ್ನು, ಸಮ ಡಿಗ್ರಿಯವನ್ನೂ ಬಿಡದೆ) ಕೂಡಿ ಹತ್ತರಿಂದ ಭಾಗಿಸಿ: 0.957. ಇದೇ ಚೆಸಾರೊ ಸರಾಸರಿ.

ಫಂಕ್ಷನ್ ನಿರಂತರವಾಗಿದ್ದರೆ ಚಿಂತೆಯಿಲ್ಲ ಅಂದುಕೊಳ್ಳಬೇಡಿ. ಭಾಗಶಃ ಮೊತ್ತ ಫಂಕ್ಷನ್ನನ್ನು ಎಷ್ಟರ ಮಟ್ಟಿಗೆ ಹಿಗ್ಗಿಸಬಲ್ಲದು ಎಂಬ ಅಳತೆ ಡಿಗ್ರಿಯ ವರ್ಗಮೂಲದಂತೆ ಬೆಳೆಯುತ್ತದೆ. ಗಣಿತಜ್ಞ ಗ್ರೋನ್‌ವಾಲ್ 1914ರಲ್ಲಿ ತೋರಿಸಿದ್ದು. ಆದ್ದರಿಂದ ಒಂದು ಬಿಂದುವಿನಲ್ಲಿ ಶ್ರೇಣಿ ಡೈವರ್ಜ್ ಆಗುವ (ಯಾವ ಬೆಲೆಗೂ ನೆಲೆಸದ) ನಿರಂತರ ಫಂಕ್ಷನ್ ಇದ್ದೇ ಇದೆ. ಫಂಕ್ಷನ್ನಿನ ಹೋಲ್ಡರ್ ಘಾತ (ಹತ್ತಿರದ ಬಿಂದುಗಳ ನಡುವೆ ಬೆಲೆ ಎಷ್ಟು ಮೆಲ್ಲಗೆ ಬದಲಾಗುತ್ತದೆ ಎಂಬ ಅಳತೆ) 1/2ಕ್ಕಿಂತ ಹೆಚ್ಚಿದ್ದರೆ ಗೋಳದುದ್ದಕ್ಕೂ ಏಕರೂಪವಾಗಿ ಕನ್ವರ್ಜ್ ಆಗುತ್ತದೆ. ಬರೀ ನಿರಂತರ ಅಂತಷ್ಟೇ ಗೊತ್ತಿದ್ದರೆ ಸರಾಸರಿಯನ್ನೇ ನಂಬಿ.

ಉತ್ತರ ಧ್ರುವದಲ್ಲಿ ಡಿರಾಕ್ ಡೆಲ್ಟಾ (ಎಲ್ಲ ಭಾರವೂ ಒಂದೇ ಬಿಂದುವಿನಲ್ಲಿ, ಉಳಿದೆಡೆ ಸೊನ್ನೆ) ಇಟ್ಟರೆ ಡೈವರ್ಜೆನ್ಸ್ ಕಣ್ಣಿಗೇ ಕಾಣುತ್ತದೆ. ಹೊರಗಿನ ಸ್ಥಿರಾಂಕ ಬಿಟ್ಟರೆ ಸಮಭಾಜಕದಲ್ಲಿ ಸೊನ್ನೆಯಲ್ಲದ ಪದಗಳು 1, −2.5, 3.375, −4.06, ಬೆಳೆಯುತ್ತಲೇ ಹೋಗುತ್ತವೆ. ಇಲ್ಲಿ ಆಬೆಲ್ ದಾರಿ ಹಿಡಿಯಿರಿ: ಪ್ರತಿ ಪದವನ್ನು 0.9ರ, ಆ ಪದದ ಡಿಗ್ರಿಯಷ್ಟನೇ (0, 2, 4, 6…) ಘಾತದಿಂದ ಗುಣಿಸಿ ಕೂಡಿದರೆ 0.078, 0.99 ಇಟ್ಟರೆ 0.007. ಬರಬೇಕಾದ ಬೆಲೆ 0.

ದಕ್ಷಿಣ ಧ್ರುವದಲ್ಲಿ ಮಾತ್ರ ಒಂದು ಸಲದ ಸರಾಸರಿ ಸಾಲದು. ಅಲ್ಲಿ ಪದಗಳು 1, −3, 5, −7. ಮೊತ್ತಗಳು 1, −2, 3, −4. ಅವುಗಳ ಸರಾಸರಿ 1/2, −1/2ರ ಬಳಿ ತೂಗಾಡುತ್ತಲೇ ಇರುತ್ತದೆ. ಆ ಸರಾಸರಿಗಳ ಸರಾಸರಿಯನ್ನು ಇನ್ನೊಮ್ಮೆ ತೆಗೆಯಿರಿ, ಆಗ 0 ಕಡೆಗೆ ಬರುತ್ತದೆ.