ದಾರ ಎಳೆದು ಅಳೆದ ಚಿಂಪಾಂಜಿ ಸೊಂಟ: ನನ್ನ ಅನುಭವ

ಚಿಂಪಾಂಜಿ ಎರಡು ಕಾಲಲ್ಲಿ ನಿಂತಾಗ ಮೊಣಕಾಲು ಯಾಕೆ ಬಾಗಿಯೇ ಇರುತ್ತದೆ ಎಂದು ಕೇಳಿದರೆ ಹೆಚ್ಚಿನವರು ಮೊಣಕಾಲನ್ನೇ ದೂರುತ್ತಾರೆ. ಮೊಣಕಾಲು ಪಾಪ, ಮೇಲಿನ ಕೀಲು ಹೇಳಿದಂತೆ ಕೇಳುತ್ತದೆ ಅಷ್ಟೆ. ತೊಡೆ ಮುಂದಕ್ಕೆ ಬಾಗಿದ ಮೇಲೆ ಪಾದವು ಮೈಭಾರದ ನೇರ ಕೆಳಗೆ ಬರಬೇಕಾದರೆ ಮೊಣಕಾಲು ಮಡಚಲೇಬೇಕು. ಹಾಗಾದರೆ ತೊಡೆ ಯಾಕೆ ಮುಂದಕ್ಕೇ ನಿಲ್ಲುತ್ತದೆ? ಅದಕ್ಕೆ ಉತ್ತರ ಇಸ್ಕಿಯಂ, ಅಂದರೆ ಕೂತಾಗ ನೆಲಕ್ಕೆ ಒತ್ತುವ ಮೂಳೆ. ಅದರ ಉದ್ದ, ಅದು ಮುಖ ಮಾಡಿರುವ ದಿಕ್ಕು, ಇವೆರಡೇ ಸಾಕು. ಕೊಳವೆಯ ಕಾಲಿನ ಚೌಕಟ್ಟೊಂದರ ಮೇಲೆ ಎರಡು ಪ್ಲೈವುಡ್ ತುಂಡು ಅದಲುಬದಲು ಮಾಡಿ ಇದನ್ನು ತೋರಿಸುತ್ತೇನೆ ಎಂದಾಗ ಮಾದರಿ ಕಟ್ಟುವ ಬಳಗದಲ್ಲಿ ಯಾರೂ ಒಪ್ಪಲಿಲ್ಲ. "ಪೂರ್ತಿ ಅಸ್ಥಿಪಂಜರದ ಅಚ್ಚು ಬೇಕು, ಕನಿಷ್ಠ ಹತ್ತು ಸ್ನಾಯುವಾದರೂ ಬೇಕು" ಅಂದರು. ಒಂದೇ ದಾರ ಸಾಕಾಯಿತು.

ಖರ್ಚಿನ ಮಾತು ಮೊದಲೇ ಮುಗಿಸಿಬಿಡುತ್ತೇನೆ. ಚಿಂಪಾಂಜಿಯ ಶ್ರೋಣಿಯ, ಅಂದರೆ ಸೊಂಟದ ಮೂಳೆಕಟ್ಟಿನ, ಒಳ್ಳೆಯ ಎರಕದ ಅಚ್ಚು ಒಂದಕ್ಕೆ ಕೊಡುವ ಹಣದಲ್ಲಿ ಇಂಥ ಮೂರ್ನಾಲ್ಕು ಚೌಕಟ್ಟು ಏಳುತ್ತವೆ. ಅಚ್ಚು ನೋಡಲು ಚೆಂದ, ಭಾರ ಹೊರಿಸಿದರೆ ಕೀಲಿನ ಅಂಟು ಬಿಟ್ಟುಕೊಳ್ಳುತ್ತದೆ. ನನ್ನ ಒಟ್ಟು ಖರ್ಚಿನಲ್ಲಿ ಅರ್ಧದಷ್ಟು ಎರಡು ಸ್ಪ್ರಿಂಗ್ ತಕ್ಕಡಿಗೆ ಹೋಯಿತು, ಕಾಲು ಭಾಗ ಬೇರಿಂಗಿಗೆ. ಪ್ಲೈವುಡ್ ಚೂರುಪಾರು ಬಿದ್ದದ್ದೇ. ರಬ್ಬರ್ ಕೊಳವೆ, ಡಿಜಿಟಲ್ ತಕ್ಕಡಿ, ತ್ರೀಡಿ ಪ್ರಿಂಟ್ ಮಾಡಿಸಿದ ರಾಟೆ, ಇವು ಮೂರಕ್ಕೆ ಸುರಿದದ್ದು ಇನ್ನೊಂದು ಚೌಕಟ್ಟಿನ ದುಡ್ಡು. ಅದರಲ್ಲಿ ಯಾವುದೂ ಈಗ ಇದರ ಮೇಲೆ ಇಲ್ಲ.

ಮೊದಲು ಮೊಣಕಾಲಿನ ಚೌಕಟ್ಟು. ತೊಡೆಗೂ ಕಣಕಾಲಿಗೂ 25 ಮಿ.ಮೀ. ಚೌಕದ ಅಲ್ಯೂಮಿನಿಯಂ ಕೊಳವೆ, ಕೀಲಿನಿಂದ ಕೀಲಿಗೆ 40 ಸೆಂ.ಮೀ. ಪ್ರತಿ ಕೀಲಿಗೆ 608 ಬೇರಿಂಗ್ ಎರಡು, 8 ಮಿ.ಮೀ. ಬೋಲ್ಟ್, ತಾನಾಗಿ ಸಡಿಲವಾಗದ ನೈಲಾಕ್ ನಟ್. ಮೊಣಕಾಲಿನ ಮುಂದೆ 4 ಸೆಂ.ಮೀ. ತ್ರಿಜ್ಯದ ಬಿಲ್ಲೆ, ಅದು ಕಣಕಾಲಿಗೆ ಭದ್ರ. ತೊಡೆಯ ಮೇಲ್ತುದಿಯಿಂದ ಬಂದ ಸೈಕಲ್ ಬ್ರೇಕ್ ತಂತಿ ಈ ಬಿಲ್ಲೆಯ ಅಂಚಿನ ಕೊರಕಲಿನಲ್ಲಿ ಸುತ್ತಿ ಕೊನೆಯಾಗುತ್ತದೆ. ನಡುವೆ ತಕ್ಕಡಿ, ಬಿಗಿಮಾಡಲು ಟರ್ನ್‌ಬಕಲ್. ಮೇಲ್ಗಡೆ ಸೊಂಟದ ಜಾಗದಲ್ಲಿ 3 ಕಿಲೋ ಭಾರ, ಎರಡು ಡ್ರಾಯರ್ ಚಾನೆಲ್ ನಡುವೆ ಜಾರುತ್ತಾ ಹಿಮ್ಮಡಿಯ ನೇರಕ್ಕೇ ಇಳಿಯಬೇಕು. ಚಾನೆಲ್ ಇಲ್ಲದಿದ್ದರೆ ಕಾಲು ಪಕ್ಕಕ್ಕೆ ಮಲಗುತ್ತದೆ.

ಕೈಕೊಡುವ ಜಾಗಗಳು ಇವು. ಬಿಲ್ಲೆ ಬಿಟ್ಟು ತಂತಿಯನ್ನು ನೇರ ಕಟ್ಟಿದರೆ ಮಡಚಿದಷ್ಟೂ ಸನ್ನೆಯ ಅಳತೆ ಬದಲಾಗಿ ಅಂಕಿಗೆ ಅರ್ಥವೇ ಇರುವುದಿಲ್ಲ. ತಕ್ಕಡಿಗೆ ಜಾಗ ಸಾಲದೆಂದು ತಂತಿಯ ಮೇಲ್ತುದಿಯನ್ನು ಸೊಂಟದ ಪಟ್ಟಿಗೆ ಬಿಗಿದರೆ ಅದು ಎರಡು ಕೀಲು ದಾಟಿ ಸೊಂಟವನ್ನೂ ಎಳೆಯತೊಡಗುತ್ತದೆ. ತಂತಿ ತೊಡೆಯಲ್ಲೇ ಹುಟ್ಟಬೇಕು, ಹಾಗಾಗಿ ಕೊಳವೆಯ ಪಕ್ಕಕ್ಕೆ ಅಂಟಿ ಕೂರುವ ತೆಳು ತಕ್ಕಡಿಯೇ ಬೇಕು. ಪ್ರಿಂಟ್ ಮಾಡಿದ ಬಿಲ್ಲೆ 15 ಕಿಲೋ ಹತ್ತಿರ ನಡುತೂತಿನಿಂದ ಸೀಳಿತು, 12 ಮಿ.ಮೀ. ಪ್ಲೈವುಡ್ ಎರಡು ಪದರ, ಎಳೆ ಅಡ್ಡಡ್ಡ ಬರುವಂತೆ ಅಂಟಿಸಿದ್ದು ಇಂದಿಗೂ ಗಟ್ಟಿ. ರಬ್ಬರ್ ಕೊಳವೆ ಸ್ನಾಯುವಿನ ಹಾಗೆ ಕಾಣುತ್ತದೆ ನಿಜ, ಆದರೆ ಎಳೆದು ಹಿಡಿದಂತೆ ಸಡಿಲವಾಗುತ್ತಾ ಅಂಕಿ ಜಾರುತ್ತಲೇ ಇರುತ್ತದೆ. ಡಿಜಿಟಲ್ ಲಗೇಜ್ ತಕ್ಕಡಿ ಒಂದು ಅಂಕಿಗೆ ಬೀಗ ಹಾಕಿ ಕೂತುಬಿಡುತ್ತದೆ, ಆಮೇಲೆ ತಾನೇ ಆರಿಹೋಗುತ್ತದೆ. ಮುಳ್ಳಿನ ತಕ್ಕಡಿ ತನ್ನಿ.

ಚಾನೆಲಿನ ಘರ್ಷಣೆ ಅರ್ಧ ಕಿಲೋವರೆಗೆ ಸುಳ್ಳು ಹೇಳುತ್ತದೆ. ಭಾರ ಎತ್ತುತ್ತಾ ಒಂದು ಅಂಕಿ, ಇಳಿಸುತ್ತಾ ಇನ್ನೊಂದು ತೆಗೆದು ನಡುವಿನದನ್ನು ಹಿಡಿಯಿರಿ. ಈ ಘರ್ಷಣೆಯನ್ನು ಪೂರ್ತಿ ಇಳಿಸುವ ಉಪಾಯ ಒಂದಿದೆ, ಅದನ್ನು ಸದ್ಯಕ್ಕೆ ಹೇಳುವುದಿಲ್ಲ. ಗ್ರೀಸ್ ಅಂತೂ ಅಲ್ಲ.

ಅಂಕಿ ನೆನಪಿನಿಂದ ಬರೆಯುತ್ತಿದ್ದೇನೆ. ಮೊಣಕಾಲು ನೆಟ್ಟಗಿದ್ದಾಗ ಸೊನ್ನೆ, 5 ಡಿಗ್ರಿ ಮಡಚಿದರೆ ಒಂದೂಕಾಲು ಕಿಲೋ, 30 ಡಿಗ್ರಿಗೆ 8 ಕಿಲೋ ಹತ್ತಿರ, 60 ಡಿಗ್ರಿಗೆ 15. ಹೊತ್ತ ಭಾರ 3 ಕಿಲೋ ಎಂಬುದು ನೆನಪಿರಲಿ. ಬಾಗಿದ ಕಾಲಲ್ಲಿ ನಿಂತವನ ತೊಡೆಯ ಮುಂಭಾಗ ಯಾಕೆ ಉರಿಯುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಡ. ಇಷ್ಟು ಎಲ್ಲರೂ ಒಪ್ಪಿದರು. ತಕರಾರು ಇದ್ದದ್ದು ಸೊಂಟದ ಬಗ್ಗೆ.

ಸೊಂಟದ ಚೌಕಟ್ಟಿನಲ್ಲಿ ತೊಡೆ 40 ಸೆಂ.ಮೀ. ಉದ್ದದ್ದೇ, ಆದರೆ ಅಡಿಹಲಗೆಗೆ ನೆಟ್ಟಗೆ ಬಿಗಿದಿದೆ. ತೊಡೆಯ ಬದಲು ಮುಂಡ ಬಾಗಿದರೂ ಕೀಲಿನ ಕೋನ ಒಂದೇ. ಅದರ ತುದಿಯಲ್ಲಿ ಮುಂದೆ ಹಿಂದೆ ಮಾತ್ರ ತಿರುಗುವ ಕೀಲು, ಅದರ ಮೇಲೆ ಪ್ಲೈವುಡ್ ಶ್ರೋಣಿ, ಶ್ರೋಣಿಗೆ 50 ಸೆಂ.ಮೀ. ಮುಂಡದ ಕೋಲು. ಕೀಲಿನಿಂದ 30 ಸೆಂ.ಮೀ. ಮೇಲೆ 2 ಕಿಲೋ ಭಾರ. ಇಲ್ಲಿ ಗೋಲಿಕೀಲು ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಮೂರೂ ದಿಕ್ಕಿಗೆ ಕುಸಿಯುತ್ತದೆ, ಒಂದು ದಾರದಿಂದ ಹಿಡಿಯಲಾಗದು.

ಬದಲಿಸುವ ಭಾಗ ಇಸ್ಕಿಯಂ ತುಂಡು ಮಾತ್ರ. ಚಿಂಪಾಂಜಿಯದು 9 ಸೆಂ.ಮೀ. ಉದ್ದ, ಮುಂಡದ ಕೋಲಿನ ನೇರಕ್ಕೇ ಕೆಳಮುಖ. ಮನುಷ್ಯನದು 6 ಸೆಂ.ಮೀ., ಅಲ್ಲಿಂದ 50 ಡಿಗ್ರಿಯಷ್ಟು ಹಿಂದಕ್ಕೆ ತಿರುಗಿದ್ದು. ತುಂಡಿನ ತುದಿಯಿಂದ ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯು) ದಾರ ಇಳಿದು ಮೊಣಕಾಲ ಮಟ್ಟದಲ್ಲಿ ಕೊಳವೆಯ ನಡುಗೆರೆಯಿಂದ 2 ಸೆಂ.ಮೀ. ಹಿಂದೆ ಕಟ್ಟಿಕೊಳ್ಳುತ್ತದೆ. ಇಲ್ಲಿ ಹೆಣೆದ ಮೀನುದಾರ ಸಾಕು, ನೈಲಾನ್ ಹಗ್ಗ ಹಿಗ್ಗುತ್ತದೆ. ಕೋನ ಅಳೆಯುವ ಮೊದಲು ದಾರ ಬಿಗಿಸಿ, ಮುಂಡ ಅಲ್ಲಾಡದೆ ನಿಂತ ಮೇಲೆ ಮುಳ್ಳು ನೋಡಿ.

ಮನುಷ್ಯನ ತುಂಡು ಹಾಕಿ ಮುಂಡವನ್ನು ಮುಂದಕ್ಕೆ 10 ಡಿಗ್ರಿ ಬಾಗಿಸಿದರೆ ದಾರದಲ್ಲಿ 2 ಕಿಲೋ, 20ಕ್ಕೆ ಮೂರೂವರೆ, 40ಕ್ಕೆ ಆರೂವರೆ, 60ಕ್ಕೆ ಒಂಬತ್ತೂವರೆ. ಬಾಗಿದಷ್ಟೂ ಭಾರ, ಯಾರೂ ಊಹಿಸಬಹುದಾದದ್ದೇ. ಚಿಂಪಾಂಜಿಯದು ಹಾಕಿದರೆ 60, 40, 20 ಡಿಗ್ರಿ ಮೂರಕ್ಕೂ 6 ಕಿಲೋ ಆಸುಪಾಸು. 10 ಡಿಗ್ರಿಗೆ ಬಂದರೆ 7 ದಾಟುತ್ತದೆ, 5 ಡಿಗ್ರಿಗೆ 12! ಮುಂಡ ನೆಟ್ಟಗಾಗುತ್ತಾ ಬಂದಂತೆ ಭಾರದ ಸೆಳೆತ ಕಡಿಮೆಯಾಗುತ್ತಿದೆ, ದಾರದ ಎಳೆತ ಮಾತ್ರ ಏರುತ್ತಿದೆ. ಅನುಮಾನಪಟ್ಟವರೆಲ್ಲ ಈ ಮುಳ್ಳಿನ ಮುಂದೆ ಬಂದು ತಾವೇ ಟರ್ನ್‌ಬಕಲ್ ತಿರುಗಿಸಿ ನೋಡಿ ಹೋದರು.

ಕಾರಣ ಸರಳ. ಉದ್ದನೆಯ ಇಸ್ಕಿಯಂ ತೊಡೆಯ ನೇರಕ್ಕೆ ಬಂದುಬಿಟ್ಟರೆ ದಾರ ಕೀಲಿನ ಮೇಲೆಯೇ ಹಾದುಹೋಗುತ್ತದೆ, ಸನ್ನೆಗೆ ತೋಳೇ, ಅಂದರೆ ಕೀಲಿನಿಂದ ದಾರಕ್ಕಿರುವ ದೂರವೇ, ಉಳಿಯುವುದಿಲ್ಲ. 10 ಡಿಗ್ರಿಯಲ್ಲಿ ಆ ತೋಳು ಒಂದೂವರೆ ಸೆಂ.ಮೀ. ಕೂಡ ಇಲ್ಲ, 60ರಲ್ಲಿ ಎಂಟು ಚಿಲ್ಲರೆ. ಮನುಷ್ಯನ ತುಂಡಿನಲ್ಲಿ ಅದು ಎಲ್ಲ ಕೋನದಲ್ಲೂ ಐದೂವರೆ, ಆರರ ಒಳಗೇ ಇರುತ್ತದೆ. 40 ಡಿಗ್ರಿ ದಾಟಿದರೆ ಚಿಂಪಾಂಜಿಯ ಸೊಂಟವೇ ಗಟ್ಟಿಗ ಎಂಬುದನ್ನೂ ಗಮನಿಸಿ. ತೊಡೆಯನ್ನು ಎದೆಯತ್ತ ಮಡಚಿ ಮರದ ಕಾಂಡಕ್ಕೆ ಒದ್ದು ಮೇಲೇರುವ ಪ್ರಾಣಿಗೆ ಬೇಕಾದದ್ದು ಅಲ್ಲಿನ ಬಲ. ಅದನ್ನು ಕುಂಟು ಸೊಂಟ ಅನ್ನುವುದು ತಪ್ಪು, ಅದು ಹತ್ತುವ ಸೊಂಟ.

2018ರಲ್ಲಿ ಕೋಜ್ಮಾ, ಪಾಂಟ್ಜರ್ ಮತ್ತಿತರ ಸಂಶೋಧಕರು ಇದೇ ಲೆಕ್ಕವನ್ನು ಮನುಷ್ಯ, ವಾನರ, ಪಳೆಯುಳಿಕೆ ಮೂರಕ್ಕೂ ಹಾಕಿದ್ದರು. 44 ಲಕ್ಷ ವರ್ಷ ಹಳೆಯ ಇಥಿಯೋಪಿಯದ ಆರ್ಡಿಪಿತೆಕಸ್ ಎಂಬ ಮಾನವ ವಂಶದ ಆದಿಜೀವಿ ತೊಡೆಯನ್ನು ಮನುಷ್ಯರಂತೆ ಹಿಂದಕ್ಕೆ ಚಾಚಬಲ್ಲದಾಗಿತ್ತು, ಹತ್ತುವ ಬಲವನ್ನೂ ಉಳಿಸಿಕೊಂಡಿತ್ತು ಎಂಬುದು ಅವರ ತೀರ್ಮಾನ. ಅದರ ಕಾಲಿನ ಹೆಬ್ಬೆರಳು ಇನ್ನೂ ಹಿಡಿಯುವ ಹೆಬ್ಬೆರಳೇ. ಉದ್ದ ಹಾಗೇ ಬಿಟ್ಟು ದಿಕ್ಕು ಮಾತ್ರ ತಿರುಗಿಸಿದ ಮೂರನೆಯ ತುಂಡೊಂದನ್ನು ನಾನೂ ಕತ್ತರಿಸಿದ್ದೇನೆ. ಅದು ಎರಡೂ ಕಡೆ ಚೆನ್ನಾಗಿ ನಡೆದುಕೊಳ್ಳುತ್ತದೆ. ಅದರ ಕೋನ ಎಷ್ಟೆಂದು ನೀವೇ ಹುಡುಕಿ, ಮಜಾ ಇದೆ.

ಈ ಚೌಕಟ್ಟು ಎದ್ದು ನಿಂತ ಮೇಲೆ ಕೈ ಸುಮ್ಮನಿರಲಿಲ್ಲ. ಟಾಂಜಾನಿಯದ ಗೋಂಬೆ, ಮಹಾಲೆ ಎಂಬ ಕಾಡುಗಳ ಚಿಂಪಾಂಜಿಗಳು ಎರಡು ಕಾಲಲ್ಲಿ ನಿಲ್ಲುವುದು ಬಹುಪಾಲು ಹಣ್ಣು ಕಿತ್ತು ತಿನ್ನಲು ಎಂದು ಸಂಶೋಧಕ ಕೆವಿನ್ ಹಂಟ್ 1990ರ ದಶಕದಲ್ಲೇ ತೋರಿಸಿದ್ದರು. ಅದೇ ದೇಶದ, ಬಯಲು ಹೆಚ್ಚಿರುವ ಇಸ್ಸಾ ಕಣಿವೆಯಲ್ಲಿ ಕೂಡ ಎರಡು ಕಾಲಿನ ನಿಲುವು ಶೇ. 85ಕ್ಕೂ ಹೆಚ್ಚು ಸಲ ಮರದ ಮೇಲೆಯೇ ಕಂಡದ್ದು. ಕೈಗೊಂದು ಕೊಂಬೆ ಸಿಕ್ಕರೆ ಲೆಕ್ಕ ಏನಾಗುತ್ತದೆ? ಮುಂಡವನ್ನು 40 ಡಿಗ್ರಿಗೆ ಬಾಗಿಸಿ, ಕೋಲಿನ ತುದಿಗೆ ಕಟ್ಟಿದ ದಾರವನ್ನು ನೇರ ಮೇಲಕ್ಕೆ ಎತ್ತಿ ಹಿಡಿಯಿರಿ. ಒಂದೂಕಾಲು ಕಿಲೋ ಎಳೆಯುವಷ್ಟರಲ್ಲಿ ಹ್ಯಾಮ್‌ಸ್ಟ್ರಿಂಗ್ ದಾರದ 6 ಕಿಲೋ ಮಾಯವಾಗಿ ದಾರ ಜೋಲುತ್ತದೆ. ಎರಡು ಕಾಲಿನ ನಿಲುವು ಬಯಲಿನಲ್ಲೇ ಹುಟ್ಟಿರಬೇಕು ಎಂದು ವಾದಿಸುವವರಿಗೆ ನಾನು ಮೊದಲು ತೋರಿಸುವುದು ಇದನ್ನೇ. ಕೊಂಬೆ ಹಿಡಿದವನಿಗೆ ಹಳೆಯ ಸೊಂಟದಲ್ಲೇ ನಿಲ್ಲುವುದು ಅಗ್ಗ.

ಹೊರೆಯದು ಇದರ ತಿರುವುಮುರುವು. ಗಿನಿಯ ಬೊಸ್ಸೂ ಚಿಂಪಾಂಜಿಗಳು ಅಪರೂಪದ, ಬೆಲೆಯುಳ್ಳ ಕೂಲಾ ಕಾಯಿ ಸಿಕ್ಕಾಗ ಬಾಚಿಕೊಂಡು ಎರಡು ಕಾಲಲ್ಲಿ ಹೋಗುವುದು ಹೆಚ್ಚು ಎಂದು 2012ರಲ್ಲಿ ವರದಿಯಾಗಿತ್ತು. ಕೀಲಿನಿಂದ 20 ಸೆಂ.ಮೀ. ಮುಂದೆ ಬರುವಂತೆ ಅರ್ಧ ಕಿಲೋ ತೂಗುಹಾಕಿ 10 ಡಿಗ್ರಿಯಲ್ಲಿ ನೋಡಿದರೆ ಎರಡೂ ತುಂಡಿನಲ್ಲಿ ಎಳೆತ ಹೆಚ್ಚುಕಡಿಮೆ ಇಮ್ಮಡಿ. ಇಮ್ಮಡಿ ಎಂದರೆ ಮನುಷ್ಯನಿಗೆ 4 ಕಿಲೋ, ಚಿಂಪಾಂಜಿಗೆ 14. ಅದಕ್ಕೇ ಅದು ಇನ್ನೂ ಬಾಗುತ್ತದೆ. ಬಾಗಿದರೆ ತೋಳು ಸಿಗುತ್ತದೆ.

ಮುಂಡದ ಕೋಲಿನಲ್ಲಿ 10 ಸೆಂ.ಮೀ. ಎತ್ತರಕ್ಕೆ ಇನ್ನೊಂದು ಕೀಲು ಇಟ್ಟು ಬೆನ್ನನ್ನು ಹಿಂದಕ್ಕೆ ಬಳುಕಿಸಿದರೆ ಚಿಂಪಾಂಜಿಯ ತುಂಡೂ ಸಲೀಸಾಗಿ ನಿಲ್ಲುತ್ತದೆ: ಶ್ರೋಣಿ ಬಾಗಿಯೇ ಇರಲಿ, ಭಾರ ಮಾತ್ರ ಕೀಲಿನ ಮೇಲೆ ಬಂದರೆ ಸಾಕು. ಹಾಗಾದರೆ ಅದು ಯಾಕೆ ಹೀಗೆ ಮಾಡುವುದಿಲ್ಲ ಎಂಬ ಪ್ರಶ್ನೆಗೆ ರಟ್ಟಿನಲ್ಲಿ ಎತ್ತರದ ಇಲಿಯಂ (ಶ್ರೋಣಿಯ ಮೇಲ್ಭಾಗದ ಅಗಲ ಮೂಳೆ) ಕತ್ತರಿಸಿ ಅಂಟಿಸಿ. ಕೋಲು ಬಳುಕಲು ಹೋದ ಕೂಡಲೇ ರಟ್ಟು ತಡೆಯುತ್ತದೆ. ಚಿಂಪಾಂಜಿಗೆ ಸೊಂಟದ ಕಶೇರುಗಳು, ಅಂದರೆ ಬೆನ್ನುಮೂಳೆಯ ಮಣಿಗಳು, ಮೂರೋ ನಾಲ್ಕೋ, ಅವೂ ಆ ಎತ್ತರದ ಇಲಿಯಂ ಹಲಗೆಗಳ ನಡುವೆ ಸಿಕ್ಕಿಕೊಂಡಿವೆ. ನಮಗೆ ಐದು, ಇಲಿಯಂ ಗಿಡ್ಡ.

ಪಕ್ಕದ ಸಮತೋಲ ತೋರಿಸುವ ಹವಣಿಕೆಯನ್ನು ಕೈಬಿಟ್ಟಿದ್ದೇನೆ. ಇಲಿಯಂ ಹಿಂದಕ್ಕೆ ಮುಖ ಮಾಡಿದಾಗ ಪಕ್ಕದ ಸ್ನಾಯುವಿನ ತೋಳು ನನ್ನ ಅಳತೆಯಲ್ಲಿ 6ರಿಂದ 5 ಸೆಂ.ಮೀ.ಗೆ ಇಳಿಯಿತು ಅಷ್ಟೆ, ನೋಡುವವರಿಗೆ ಏನೂ ಕಾಣದು. ಒಂಟಿಕಾಲಲ್ಲಿ ಚಿಂಪಾಂಜಿಯ ಸೊಂಟ ಎತ್ತಿದ ಕಾಲಿನ ಕಡೆಗೆ ಕುಸಿಯುತ್ತದೆ ಎಂದು ಬರೆದ ಫಲಕಗಳನ್ನೂ ನಂಬಬೇಡಿ. ನಡೆಯುವಾಗ ಅದು ಆ ಕಡೆಯನ್ನು ಮೇಲಕ್ಕೇ ಎತ್ತುತ್ತದೆ. ಬದಲಿಗೆ ತೊಡೆಮೂಳೆಯ ಓರೆ ತೋರಿಸಿ, ಸುಲಭ. ಸೊಂಟದ ಕೀಲುಗಳ ನಡುವೆ 18 ಸೆಂ.ಮೀ. ಇಟ್ಟುಕೊಂಡು 40 ಸೆಂ.ಮೀ. ತೊಡೆಯನ್ನು 10 ಡಿಗ್ರಿ ಒಳಕ್ಕೆ ಓರೆ ಮಾಡಿದರೆ ಮೊಣಕಾಲು 7 ಸೆಂ.ಮೀ. ಒಳಗೆ ಬರುತ್ತದೆ. ಪಾದ ನಡುಗೆರೆಯಿಂದ 9 ಸೆಂ.ಮೀ. ದೂರ ಇದ್ದದ್ದು 2ಕ್ಕೆ ಇಳಿಯಿತು, ಹೆಜ್ಜೆಹೆಜ್ಜೆಗೂ ಮೈ ವಾಲಿಸಬೇಕಾದದ್ದೂ ಅಷ್ಟೇ. ಚಿಂಪಾಂಜಿಯಲ್ಲಿ ಈ ಓರೆ ಇಲ್ಲವೆನ್ನುವಷ್ಟು ಕಡಿಮೆ, ಹುಟ್ಟಿದ ಮಗುವಿನಲ್ಲೂ ಹಾಗೇ. ಮಗು ನಡೆಯತೊಡಗಿದ ಮೇಲೆ ಮೂಡುತ್ತದೆ. 1973ರಲ್ಲಿ ಇಥಿಯೋಪಿಯದ ಹಾಡರಿನಲ್ಲಿ ಸಿಕ್ಕ ಪಳೆಯುಳಿಕೆ ಮೊಣಕಾಲಿನಲ್ಲಿ ಅದು ಸ್ಪಷ್ಟವಾಗಿದೆ. ಲೂಸಿ ಎಂಬ ಹೆಸರಾಂತ ಪಳೆಯುಳಿಕೆ ಅಸ್ಥಿಪಂಜರ ಸಿಗುವುದಕ್ಕೆ ಒಂದು ವರ್ಷ ಮೊದಲು ಸಿಕ್ಕದ್ದು ಅದು.

ಒಂದು ಮಿತಿ ಹೇಳಲೇಬೇಕು. ದಾರ ಬಿಗಿದು ನಿಲ್ಲಿಸಿದರೆ ಶಕ್ತಿ ಖರ್ಚಾಗುವುದಿಲ್ಲ, ಸ್ನಾಯು ಸುಮ್ಮನೆ ಹಿಡಿದು ನಿಂತರೂ ಖರ್ಚಾಗುತ್ತದೆ. ಹಾಗಾಗಿ ಈ ಕಿಲೋಗಳನ್ನು ನೇರ ಕ್ಯಾಲೊರಿ ಮಾಡಬೇಡಿ. 2007ರಲ್ಲಿ ಐದು ಚಿಂಪಾಂಜಿಗಳನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ ಅಳೆದಾಗ ಮನುಷ್ಯನ ನಡಿಗೆಗೆ ಅವುಗಳಿಗಿಂತ ಸುಮಾರು ಶೇ. 75ರಷ್ಟು ಕಡಿಮೆ ಶಕ್ತಿ ಸಾಕಾಗಿತ್ತು. ಚಿಂಪಾಂಜಿಗೆ ಸರಾಸರಿಯಲ್ಲಿ ನಾಲ್ಕು ಕಾಲಾದರೂ ಎರಡು ಕಾಲಾದರೂ ಖರ್ಚು ಒಂದೇ. ಶಕ್ತಿಯ ಪ್ರಶ್ನೆ ಕೇಳಿದವರಿಗೆ ಈ ಅಂಕಿ ಕೊಡಿ, ತಕ್ಕಡಿಯತ್ತ ಕೈ ತೋರಿಸಬೇಡಿ.

ಕೊನೆಗೆ ಸುರಕ್ಷತೆ. ಚಿಂಪಾಂಜಿಯ ತುಂಡು ಹಾಕಿದಾಗ 3 ಡಿಗ್ರಿ ಹತ್ತಿರ ದಾರ ಕೀಲನ್ನು ದಾಟಿ ಮುಂದಕ್ಕೆ ಬರುತ್ತದೆ. ಅಲ್ಲಿಂದಾಚೆ ಬಿಗಿಸಿದರೆ ಮುಂಡವನ್ನು ಎತ್ತುವ ಬದಲು ಮುಂದಕ್ಕೆ ಬೀಳಿಸುತ್ತದೆ, 2 ಕಿಲೋ ನೇರ ಬೆರಳ ಮೇಲೆ. ಶ್ರೋಣಿಯ ಹಿಂದೆ 4 ಡಿಗ್ರಿಗೆ ಒಂದು ತಡೆಗೂಟ, ಮುಂದೆ 65ಕ್ಕೆ ಇನ್ನೊಂದು ಬಡಿದುಬಿಡಿ. ಮಕ್ಕಳ ಕೈಗೆ ಕೊಡುವುದಾದರೆ ತುಂಡು ಬದಲಿಸುವ ಮೊದಲು ಭಾರ ಇಳಿಸಿ, ಆಮೇಲೆ ಟರ್ನ್‌ಬಕಲ್ ಸಡಿಲಿಸಿ. ಈ ಕ್ರಮ ಹಿಂದುಮುಂದಾದರೆ ಕೋಲು ಧಡಕ್ಕನೆ ಮುಗ್ಗರಿಸುತ್ತದೆ.